ಗೋಡೆಯ ಮೇಲಿರುವ ಅಜ್ಜನ ನೆಗೆಟಿವ್ ಎಲ್ಲಿದೆ?

ದೊಡ್ಡಉಳ್ಳಾರ್ತಿ ಸುತ್ತಮುತ್ತಲಿನ ಯಾವುದೇ ಹಳೇ ಮನೆಯಲ್ಲಿ ಕಟ್ಟು ಹಾಕಿಸಿದ ಕಪ್ಪು-ಬಿಳುಪು ಫೋಟೋ ಇದ್ದರೆ, ಅದರ ಹಿಂದಿನ ರಟ್ಟನ್ನು ಮೆಲ್ಲಗೆ ಬಿಚ್ಚಿ ನೋಡಿ. ಇಂಥ ಎಷ್ಟೋ ಫೋಟೋಗಳ ಬೆನ್ನ ಮೇಲೆ ಸ್ಟುಡಿಯೋದ ರಬ್ಬರ್ ಸೀಲು, ಪಕ್ಕದಲ್ಲೇ ಪೆನ್ಸಿಲಿನಲ್ಲಿ ಬರೆದ ಒಂದು ನಂಬರ್ ಇರುತ್ತದೆ. ಅದು ನೆಗೆಟಿವ್ ನಂಬರ್. ಆ ನಂಬರ್ ಹೇಳಿದರೆ ಸ್ಟುಡಿಯೋದವರು ವರ್ಷಗಳಾದ ಮೇಲೂ ಕವರ್ ಹುಡುಕಿ ಇನ್ನೊಂದು ಕಾಪಿ ತೆಗೆದುಕೊಡುತ್ತಿದ್ದರು.

ನಮ್ಮ ಕಡೆ ಚರಿತ್ರೆ ಎಂದರೆ ಪಾಳೆಗಾರರು, ಕೋಟೆ, ಶಾಸನ. ಕ್ಯಾಮೆರಾ ಕೂಡ ಮೊದಲು ಹುಡುಕಿಕೊಂಡು ಬಂದದ್ದು ಕಲ್ಲನ್ನೇ. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ಗುಡಿಗಳ ದೊಡ್ಡ ಫೋಟೋ ಪುಸ್ತಕವೊಂದು ಲಂಡನ್ನಿನಲ್ಲಿ ಅಚ್ಚಾಯಿತು. ಆ ಗುಡಿಗಳ ಮುಂದೆ ಕೈಮುಗಿದ ಜನರ ಮುಖ ಫೋಟೋಕ್ಕೆ ಬೀಳಲು ಇನ್ನೂ ಬಹಳ ಕಾಲ ಹಿಡಿಯಿತು. 1910ರಿಂದ ನಡೆದುಬಂದ ಬೆಂಗಳೂರಿನ ಜಿ.ಕೆ. ವೇಲ್‌ನಂಥ ಸ್ಟುಡಿಯೋಗಳು ಪಟ್ಟಣದವರಿಗೆ, ಉಳ್ಳವರಿಗೆ. ನಮ್ಮಂಥವರ ಅಜ್ಜ-ಅಜ್ಜಿಯರ ಮುಖ ಉಳಿದದ್ದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಪಕ್ಕದ ಒಂದೆರಡು ಅಂಕಣದ ಅಂಗಡಿಗಳಲ್ಲಿ.

ಚಳ್ಳಕೆರೆಗೆ ಶೇಂಗಾ ಹಾಕಲು ಹೋದವರು, ಕಂಬಳಿ ಮಾರಲು ಹೋದವರು, ಮದುವೆ ಬಟ್ಟೆಗೆ ಹೋದವರು, ಕೆಲಸ ಮುಗಿಸಿ ಸ್ಟುಡಿಯೋ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ತೋಟ, ಮಹಡಿ ಮೆಟ್ಟಿಲು ಬರೆದ ಪರದೆ. ಮೊಳೆಗೆ ನೇತು ಹಾಕಿದ ಒಂದೇ ಕೋಟು, ಅದು ಎಲ್ಲರದ್ದೂ. ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಕ್ಯಾಮೆರಾದ ಹಿಂದೆ ಕರಿ ಬಟ್ಟೆ ಮುಚ್ಚಿಕೊಂಡವರು "ಉಸಿರು ಬಿಗಿ ಹಿಡೀರಿ, ಅಲ್ಲಾಡಬ್ಯಾಡ್ರಿ" ಎಂದರೆ ಇಡೀ ಸಂಸಾರ ಕಲ್ಲಾಗುತ್ತಿತ್ತು. ಹಳೇ ಫೋಟೋಗಳಲ್ಲಿ ಯಾರೂ ನಗುವುದಿಲ್ಲವಲ್ಲ, ಅದಕ್ಕೆ ಸಿಟ್ಟು ಕಾರಣವಲ್ಲ.

ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರಿ ಬದುಕಿಡೀ ಕ್ಯಾಮೆರಾ ಮುಂದೆ ನಿಲ್ಲದವರೂ ಇದ್ದರು. ಅಂಥವರು ತೀರಿಕೊಂಡಾಗ ಮಕ್ಕಳು ಫೋಟೋದವರನ್ನು ಕರೆತರಲು ಓಡುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹೂವಿನ ಹಾರ ಹಾಕಿ, ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು ತೆಗೆಸಿದ ಫೋಟೋಗಳು ನಮ್ಮ ಜಿಲ್ಲೆಯ ಮನೆಗಳಲ್ಲಿ ಇವತ್ತಿಗೂ ಸಿಗುತ್ತವೆ. ಹೊರಗಿನವರು ನೋಡಿ ಬೆಚ್ಚಿ ಬೀಳಬಹುದು. ಆ ಮನೆಗೆ ಇದ್ದದ್ದು ಅದೊಂದೇ ಮುಖ.

ಕೆಲಸವೆಲ್ಲ ನಡೆಯುತ್ತಿದ್ದದ್ದು ಹಿಂದಿನ ಕತ್ತಲೆ ಕೋಣೆಯಲ್ಲಿ. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಲೇಪ. ಬೆಳಕು ಬಿದ್ದ ಕಡೆ ಡೆವಲಪರ್ ಅದನ್ನು ಕಪ್ಪು ಬೆಳ್ಳಿಯಾಗಿಸುತ್ತದೆ, ಬೆಳಕು ಬೀಳದ ಕಡೆಯ ಲವಣವನ್ನು ಹೈಪೋ ಕರಗಿಸಿ ತೆಗೆಯುತ್ತದೆ. ಆಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ಬೋರ್‌ವೆಲ್ ಕೂಡ ಬತ್ತುವ ನಮ್ಮ ಸೀಮೆಯಲ್ಲಿ ಇದೇ ದೊಡ್ಡ ಕಷ್ಟ. ತೊಳೆದದ್ದು ಸಾಲದಿದ್ದರೆ ಹೈಪೋ ಉಳಿದು ಫೋಟೋ ಹಳದಿಯಾಗುತ್ತದೆ. ಒಣಗಿದ ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ಮೊಡವೆ, ಸುಕ್ಕು ಮುಚ್ಚುವುದು ಬೇರೆಯೇ ವಿದ್ಯೆ. ಇವತ್ತು ಫೋನಿನ ಫಿಲ್ಟರ್ ಮಾಡುವುದನ್ನು ಅವರು ಕೈಯಲ್ಲೇ ಮಾಡುತ್ತಿದ್ದರು.

ಫಿಲ್ಮು ಹೊರದೇಶದ್ದು, ದುಬಾರಿ. ದೇಶದಲ್ಲೇ ತಯಾರಿಸಲೆಂದು ಕೇಂದ್ರ ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. ಅಲ್ಲಿಂದ 'ಇಂದು' ಹೆಸರಿನ ಫಿಲ್ಮು, ಪೇಪರ್ ಬಂತು. ಕಲರ್ ಬಂದ ಮೇಲೆ ಆ ಕಾರ್ಖಾನೆ ಎದ್ದು ನಿಲ್ಲಲಿಲ್ಲ.

ಕಲರ್ ನಮ್ಮ ಸ್ಟುಡಿಯೋಗಳ ಕತ್ತಲೆ ಕೋಣೆಯನ್ನೂ ಮುಚ್ಚಿಸಿತು. ಕಲರ್ ಡೆವಲಪರ್ ಸುಮಾರು 38 ಡಿಗ್ರಿ ಬಿಸಿಯಲ್ಲೇ ಇರಬೇಕು, ಫಿಲ್ಮು ಅದರಲ್ಲಿ ಮೂರೂಕಾಲು ನಿಮಿಷ ಮಾತ್ರ ಇರಬೇಕು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಬಣ್ಣ ಕೆಡುತ್ತದೆ. ಅದಕ್ಕೆ ಮಷಿನ್ ಬೇಕು, ಮಷಿನ್‌ಗೆ ಲಕ್ಷಾಂತರ ರೂಪಾಯಿ ಬೇಕು. ಹಾಗಾಗಿ ಸಣ್ಣ ಊರುಗಳ ರೀಲುಗಳು ಬಸ್ಸಿನಲ್ಲಿ ದೊಡ್ಡ ಊರಿನ ಲ್ಯಾಬಿಗೆ ಹೋಗಿ, ಎರಡು ಮೂರು ದಿನಕ್ಕೆ ವಾಪಸ್ ಬರುತ್ತಿದ್ದವು. ಫೋಟೋ ಬರುವವರೆಗೆ ಮದುವೆ ಮನೆಯವರಿಗೆ ನಿದ್ದೆಯಿಲ್ಲ. ನಮ್ಮ ವೃತ್ತಿಯ ಹಿರಿಯರೂ ಇದೇ ಬಸ್ಸನ್ನು ನಂಬಿದ್ದರು. ಸುದ್ದಿ ಬರೆದ ಹಾಳೆ, ಫೋಟೋ ಎರಡನ್ನೂ ಕವರಿಗೆ ಹಾಕಿ ಡ್ರೈವರ್ ಕೈಗೆ ಕೊಡುವುದು, ಮರುದಿನ ಪೇಪರ್ ಬಿಡಿಸಿ ನೋಡುವುದು.

ಮುಂದೆ ಸ್ಟುಡಿಯೋಗಳನ್ನು ಸಾಕಿದ್ದು ಸರ್ಕಾರಿ ಅರ್ಜಿ. ಬ್ಯಾಂಕ್ ಪಾಸ್‌ಬುಕ್, ಪಿಂಚಣಿ, ಹಾಲ್ ಟಿಕೆಟ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಎಲ್ಲದಕ್ಕೂ ಫೋಟೋ. 1993ರಲ್ಲಿ ಟಿ.ಎನ್. ಶೇಷನ್ ಮತದಾರರ ಗುರುತಿನ ಚೀಟಿ ತಂದಾಗ ಹಳ್ಳಿಯ ಎಷ್ಟೋ ಮುದುಕಿಯರ ಮೊದಲ ಫೋಟೋ ಅದೇ ಆಯಿತು. ಅದರಲ್ಲಿ ಗುರುತೇ ಸಿಗುವುದಿಲ್ಲ ಎಂಬ ತಮಾಷೆ ನಿಮಗೂ ಗೊತ್ತು. 2010ರಲ್ಲಿ ಆಧಾರ್ ಶುರುವಾದಾಗ ಅರ್ಜಿ ಕೌಂಟರಿನ ಪುಟ್ಟ ಕ್ಯಾಮೆರಾವೇ ಮುಖ ಹಿಡಿಯಿತು. 2012ರ ಜನವರಿಯಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. 1975ರಲ್ಲಿ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದ್ದು ಅದರದ್ದೇ ಎಂಜಿನಿಯರ್. ನಮ್ಮ ಕಡೆಯ ಸ್ಟುಡಿಯೋಗಳು ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ, ಫ್ಲೆಕ್ಸ್ ಕಡೆ ಹೊರಳಿದವು. ನಾವು ಇದಕ್ಕೆ ಅಳುವುದಿಲ್ಲ. ಫೋನು ಬಂದದ್ದರಿಂದ ಕುರಿ ಕಾಯುವ ಹುಡುಗನ ಫೋಟೋವೂ ಉಳಿಯುವಂತಾಯಿತು.

ನಮ್ಮ ಚಿಂತೆ ನೆಗೆಟಿವ್‌ಗಳದ್ದು. ಅಂಗಡಿ ಮುಚ್ಚಿದಾಗ, ಅಣ್ತಮ್ಮಂದಿರ ನಡುವೆ ಜಾಗ ಭಾಗವಾದಾಗ ಮೊದಲು ಹೊರಗೆ ಬೀಳುವುದು ಆ ಕವರುಗಳ ಡಬ್ಬ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುವುದರಿಂದ ಅದನ್ನು ತೂಕಕ್ಕೆ ಕೊಳ್ಳುವವರಿದ್ದಾರೆ. ಹಳೇ ಎಕ್ಸ್‌ರೇ ಶೀಟುಗಳ ಜೊತೆ ಸೇರಿ ಊರಿನ ಮುಖಗಳೂ ಕರಗುತ್ತವೆ. ಉಳಿದದ್ದಕ್ಕೆ ಗೆದ್ದಲು, ಬಿಸಿಲು. ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯುತ್ತಿದೆ ಎಂದರ್ಥ. ಸಿಡಿಯ ಕಾಲದ ಮದುವೆಗಳ ಗತಿ ಇನ್ನೂ ಕಷ್ಟ. 1975ರ ನೆಗೆಟಿವನ್ನು ಬೆಳಕಿಗೆ ಹಿಡಿದರೆ ಮುಖ ಕಾಣುತ್ತದೆ, ಗೀರು ಬಿದ್ದ ಸಿಡಿಯನ್ನು ಹಿಡಿದರೆ ನಮ್ಮ ಮುಖವೇ ಕಾಣುತ್ತದೆ.

ದೊಡ್ಡಉಳ್ಳಾರ್ತಿಯವರಿಗೆ ಇದರಲ್ಲಿ ಇನ್ನೊಂದು ಮಾತಿದೆ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಬಾರ್ಕ್, ಇಸ್ರೋ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಗಿ ಗೋಡೆ ಎದ್ದಿತು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಗೋಡೆಗೆ ಮೊದಲು ಆ ಕಾವಲು ಹೇಗಿತ್ತು, ಎಷ್ಟು ದನ ಕುರಿ ಮೇಯುತ್ತಿದ್ದವು ಎಂದು ಮಕ್ಕಳಿಗೆ ತೋರಿಸಬೇಕು. ದುಡ್ಡು ಕೊಟ್ಟು ಹುಲ್ಲಿನ ಫೋಟೋ ಯಾರು ತೆಗೆಸುತ್ತಾರೆ? ಆದರೆ ದೇವರ ಎತ್ತುಗಳ ಪಕ್ಕ ನಿಂತು ತೆಗೆಸಿದ ಫೋಟೋದ ಹಿಂದೆ, ಜಾತ್ರೆಗೆ ಹೊರಟ ಗಾಡಿಗಳ ಹಿಂದೆ ಬಯಲು ತಾನಾಗಿಯೇ ಬಿದ್ದಿರುತ್ತದೆ. ಅಂಥವನ್ನು ಹುಡುಕಬೇಕು.

ನೆಗೆಟಿವ್ ಸಿಕ್ಕರೆ ಅಂಚು ಮಾತ್ರ ಹಿಡಿಯಿರಿ, ಮಂಕಾದ ಬದಿಯನ್ನು ಮುಟ್ಟಬೇಡಿ, ನೀರಿನಲ್ಲಿ ತೊಳೆಯಬೇಡಿ. ಒಂದು ಫೋನಿನಲ್ಲಿ ಪೂರ್ತಿ ಬಿಳಿ ಸ್ಕ್ರೀನ್ ಇಟ್ಟು, ಅದರ ಮೇಲೆ ಬೆರಳಿನಷ್ಟು ಎತ್ತರದಲ್ಲಿ ನೆಗೆಟಿವ್ ಹಿಡಿದು, ಇನ್ನೊಂದು ಫೋನಿನಿಂದ ಫೋಟೋ ತೆಗೆಯಿರಿ. ಎಡಿಟ್ ಆ್ಯಪ್‌ನಲ್ಲಿ ಬಣ್ಣ ತಿರುಗಿಸಿದರೆ ಮುಖ ಬರುತ್ತದೆ. ಯಾರೆಂದು ಗುರುತು ಹಿಡಿಯುವ ಹಿರಿಯರು ಮನೆಯಲ್ಲಿದ್ದರೆ ಹೆಸರನ್ನು ಆಗಲೇ ಕೇಳಿ ಬರೆದಿಡಿ. ಮೂಲ ನೆಗೆಟಿವನ್ನು ಕಾಗದದ ಕವರಿನಲ್ಲಿ ಹಾಕಿ, ಹೊರಗೆ ಆ ಹಳೇ ನಂಬರನ್ನೇ ಬರೆಯಿರಿ.