ಚಿರತೆ ದಾರಿ ತಪ್ಪಿ ಊರಿಗೆ ಬರುತ್ತದೆಯೇ?

ಗುಬ್ಬಿ, ಕುಣಿಗಲ್ ಕಡೆಯ ತೋಟದಲ್ಲಿ ಚಿರತೆ ಕಂಡರೆ 'ಕಾಡಿನಿಂದ ನಾಡಿಗೆ ಬಂದ ಚಿರತೆ' ಎಂದು ಸುದ್ದಿಯಾಗುತ್ತದೆ. ಹಿಂದೆಯೇ ಬೇಡಿಕೆ ಬರುತ್ತದೆ: ಬೋನಿಟ್ಟು ಹಿಡಿಯಿರಿ, ದೂರದ ಕಾಡಿಗೆ ಬಿಡಿ. ಜನರ ಭಯಕ್ಕೆ ಕಾರಣವಿದೆ. 2019ರ ಕೊನೆ ಮತ್ತು 2020ರ ಆರಂಭದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಹಾಗಾದರೆ ಚಿರತೆ ನಿಜಕ್ಕೂ ದಾರಿ ತಪ್ಪಿ ಬರುತ್ತದೆಯೇ? ಹಿಡಿದು ಬಿಟ್ಟರೆ ತೊಂದರೆ ತೀರುತ್ತದೆಯೇ? ಒಂದೊಂದಾಗಿ ನೋಡೋಣ.

ಚಿರತೆ ಬದುಕುವ ಬಗೆ

ಗಂಡು ಚಿರತೆ ಸಾಮಾನ್ಯವಾಗಿ 50ರಿಂದ 70 ಕೆ.ಜಿ. ತೂಗುತ್ತದೆ, ಹೆಣ್ಣು ಅದಕ್ಕಿಂತ ಸಣ್ಣದು. ಒಂಟಿಯಾಗಿ, ಹೆಚ್ಚಾಗಿ ರಾತ್ರಿ ತಿರುಗುತ್ತದೆ. ಮೂತ್ರ ಸಿಂಪಡಿಸಿ, ನೆಲ ಕೆರೆದು ತನ್ನ ಸರಹದ್ದು ಗುರುತಿಸುತ್ತದೆ. ಸುಮಾರು ಮೂರು ತಿಂಗಳ ಗರ್ಭದ ನಂತರ ಹುಟ್ಟುವ ಎರಡು ಮೂರು ಮರಿಗಳು ಒಂದೂವರೆಯಿಂದ ಎರಡು ವರ್ಷ ತಾಯಿಯ ಜೊತೆಗಿದ್ದು, ಬಳಿಕ ತಮ್ಮದೇ ನೆಲೆ ಹುಡುಕಿ ಹೊರಡುತ್ತವೆ. ಊಟದಲ್ಲಿ ಹಟವಿಲ್ಲ: ಮೊಲ, ನವಿಲು, ಕೋತಿ, ಕಾಡುಹಂದಿ, ನಾಯಿ, ಕುರಿ, ಮೇಕೆ, ಏನು ಸಿಕ್ಕರೂ ಆದೀತು.

ನಂಬಿಕೆ 1: ಚಿರತೆ ದಾರಿ ತಪ್ಪಿ ಬಂದಿದೆ

ಹುಲಿಗೆ ದೊಡ್ಡ ಕಾಡು ಬೇಕು, ಚಿರತೆಗೆ ಹಗಲಲ್ಲಿ ಅಡಗಲು ಮರೆ ಇದ್ದರೆ ಸಾಕು. ದೇವರಾಯನದುರ್ಗ, ಹುಲಿಯೂರುದುರ್ಗದಂತಹ ಬಂಡೆಗುಡ್ಡಗಳು, ಕುರುಚಲು ಕಾಡು, ಲಂಟಾನ ಪೊದೆ, ಜನ ಓಡಾಡದ ತೋಟ ಎಲ್ಲವೂ ಅಂತಹ ಮರೆಗಳೇ. ಮಹಾರಾಷ್ಟ್ರದ ಅಕೋಲೆಯ ಕೃಷಿ ಭೂಮಿಯಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನದಲ್ಲಿ 100 ಚದರ ಕಿ.ಮೀ.ಗೆ ಸುಮಾರು 5 ವಯಸ್ಕ ಚಿರತೆಗಳು ಕಂಡುಬಂದವು. ಅವು ತಿನ್ನುತ್ತಿದ್ದುದರಲ್ಲಿ ಬಹುಪಾಲು ಸಾಕುಪ್ರಾಣಿ, ಅದರಲ್ಲೂ ನಾಯಿ. ಅಂದರೆ ತೋಟದಲ್ಲಿ ಕಂಡ ಚಿರತೆ ದಾರಿ ತಪ್ಪಿದ್ದೇ ಆಗಬೇಕಿಲ್ಲ. ಅಲ್ಲೇ ಹುಟ್ಟಿ ಬೆಳೆದದ್ದೂ ಆಗಿರಬಹುದು.

ನಂಬಿಕೆ 2: ಹಿಡಿದು ದೂರ ಬಿಟ್ಟರೆ ತೊಂದರೆ ತೀರುತ್ತದೆ

ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಲಾಯಿತು. ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿಗಳು 17ಕ್ಕೆ ಏರಿದವು. ಬೋನಿನಲ್ಲಿ ಬೆದರಿ, ಗಾಯಗೊಂಡ ಪ್ರಾಣಿಯನ್ನು ಗೊತ್ತಿಲ್ಲದ ಜಾಗದಲ್ಲಿ ಬಿಟ್ಟರೆ, ಅಲ್ಲಿ ಬೇರೆ ಚಿರತೆಯ ಸರಹದ್ದು ಇರುತ್ತದೆ. ಅದು ಅಲೆಯುತ್ತದೆ, ಕೆಲವೊಮ್ಮೆ ಹಳೆಯ ನೆಲೆಗೇ ಮರಳುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಮತ್ತೊಂದು ಬರುತ್ತದೆ. ಅಮೆರಿಕದ ಕೂಗರ್ ಎಂಬ ದೊಡ್ಡ ಬೆಕ್ಕಿನ ವಿಷಯದಲ್ಲೂ ಹೀಗೇ ಆಗಿದೆ. ವಾಷಿಂಗ್ಟನ್ ರಾಜ್ಯದಲ್ಲಿ ಅವನ್ನು ಹೆಚ್ಚು ಕೊಂದ ಮರುವರ್ಷ ದೂರುಗಳು ಹೆಚ್ಚಾದವು ಎಂದು 2013ರ ಅಧ್ಯಯನ ತೋರಿಸಿತು.

ಹಾಗೆಂದು ಚಿರತೆಯನ್ನು ಹಿಡಿಯಲೇಬಾರದು ಎಂದಲ್ಲ. ಮತ್ತೆ ಮತ್ತೆ ಮನುಷ್ಯರ ಮೇಲೆ ಬೀಳುವ ಪ್ರಾಣಿಯನ್ನು ಹಿಡಿಯಲೇಬೇಕಾಗುತ್ತದೆ. ಆದರೆ ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಆ ತೀರ್ಮಾನ ಅರಣ್ಯ ಇಲಾಖೆಯದ್ದು, ಊರಿನವರದ್ದಲ್ಲ.

ನಾವು ಮಾಡಬಹುದಾದದ್ದು

- ರಾತ್ರಿ ಕುರಿ, ಮೇಕೆ, ಕರುಗಳನ್ನು ಬಯಲಿನ ರೊಪ್ಪದಲ್ಲಿ ಬಿಡದೆ, ಚಾವಣಿ ಮತ್ತು ಗಟ್ಟಿ ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಬೇಕು.
- ಮಾಂಸದ ಅಂಗಡಿಯ ತ್ಯಾಜ್ಯವನ್ನು ಊರಂಚಿನಲ್ಲಿ ಸುರಿಯಬಾರದು. ಅದಕ್ಕೆ ಬೀದಿನಾಯಿ ಸೇರುತ್ತವೆ, ನಾಯಿಯ ಹಿಂದೆ ಚಿರತೆ ಬರುತ್ತದೆ.
- ಸಂಜೆಯಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಚಿಕ್ಕವರು ಮತ್ತು ಬಗ್ಗಿ ಕೂತವರು ಚಿರತೆಗೆ ಸಣ್ಣ ಪ್ರಾಣಿಯಂತೆ ಕಾಣಬಹುದು. ಬಯಲಿಗೆ ಹೋಗುವುದನ್ನು ಬಿಟ್ಟು ಮನೆಯ ಶೌಚಾಲಯ ಬಳಸಿದರೆ ಅಪಾಯ ಕಡಿಮೆ.
- ಕತ್ತಲಲ್ಲಿ ತೋಟಕ್ಕೆ ನೀರು ಬಿಡಲು ಹೋಗುವಾಗ ಜೊತೆಗೊಬ್ಬರು, ಕೈಯಲ್ಲಿ ಟಾರ್ಚು ಇರಲಿ. ಮಾತಾಡುತ್ತಾ ಹೋದರೆ ಚಿರತೆ ತಾನೇ ಸರಿದುಕೊಳ್ಳಲು ಅವಕಾಶವಾಗುತ್ತದೆ.
- ಚಿರತೆ ಎದುರಾದರೆ ಓಡಬಾರದು. ನೆಟ್ಟಗೆ ನಿಂತು, ಮೆಲ್ಲಗೆ ಹಿಂದೆ ಸರಿಯಬೇಕು. ಸುತ್ತ ಗುಂಪುಗೂಡಿದರೆ ಅದಕ್ಕೆ ತಪ್ಪಿಸಿಕೊಳ್ಳುವ ದಾರಿ ಮುಚ್ಚಿ, ಹಲವರಿಗೆ ಗಾಯವಾಗುತ್ತದೆ.

ತೋಟದಲ್ಲಿ ಚಿರತೆ ಒಮ್ಮೆ ಕಂಡಿತೆಂದರೆ ಅದು ಮನುಷ್ಯರ ಮೇಲೆ ಬೀಳುತ್ತದೆ ಎಂದರ್ಥವಲ್ಲ. ಕಂಡ ಜಾಗ, ಹೊತ್ತನ್ನು ಅರಣ್ಯ ಇಲಾಖೆಗೆ ತಿಳಿಸಿ. ಅದೇ ರಾತ್ರಿಯಿಂದ ಕೊಟ್ಟಿಗೆಯ ಬಾಗಿಲು ಭದ್ರವಿರಲಿ.