ನಿರಾಶ್ರಿತ ಮಕ್ಕಳ ವಿದ್ಯಾಭ್ಯಾಸ ನೀತಿಯಲ್ಲಿ ಸಂಶೋಧನೆಯ ಪ್ರಮಾಣ

ನಿರಾಶ್ರಿತ ಮಕ್ಕಳ ವಿದ್ಯಾಭ್ಯಾಸವನ್ನು ಕುರಿತ ನಿರ್ಣಯಗಳು ಸದಾಶಯವೊಂದನ್ನೇ ನೆಮ್ಮದೆ ಪರೀಕ್ಷಿತ ಪ್ರಮಾಣಗಳನ್ನು ಆಧರಿಸಬೇಕೆಂಬುದಕ್ಕೆ ಲೆಬನಾನಿನ ಅನುಭವವು ಶ್ರೇಷ್ಠ ನಿದರ್ಶನವಾಗಿದೆ. 1951ರ ನಿರಾಶ್ರಿತರ ಒಡಂಬಡಿಕೆಯ 22ನೆಯ ವಿಧಿಯು ಪ್ರಾಥಮಿಕ ಶಿಕ್ಷಣದಲ್ಲಿ ನಿರಾಶ್ರಿತರನ್ನು ಸ್ವದೇಶೀಯರಂತೆಯೇ ಕಾಣಬೇಕೆಂದು ವಿಧಿಸುತ್ತದೆ. ಅದಕ್ಕೆ ಅಂಕಿತವಿಕ್ಕದ ಲೆಬನಾನು, 2011ರ ತರುವಾಯ ಸಿರಿಯದಿಂದ ಬಂದ ಮಕ್ಕಳಿಗಾಗಿ ತನ್ನ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಎರಡನೆಯ ಪಾಳಿಯನ್ನು ತೆರೆಯಿತು. ಶಾಲೆಯ ಬಾಗಿಲು ತೆರೆದರೂ ಬಸ್ಸಿನ ಖರ್ಚು ಹೊರೆಯಾಗಿತ್ತು. ಹತ್ತು ದಾಟಿದ ಮಗುವಿನ ಕೂಲಿಯಂತೂ ಬಡ ಸಂಸಾರಕ್ಕೆ ಬಿಡಲಾರದ ಆಸರೆ.

ಆದಕಾರಣ 2016–17ರಲ್ಲಿ ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಸಂಸ್ಥೆಗಳು ಸರ್ಕಾರದೊಡಗೂಡಿ ಅಕ್ಕಾರ್ ಮತ್ತು ಮೌಂಟ್ ಲೆಬನಾನ್ ಪ್ರಾಂತಗಳಲ್ಲಿ ‘ಮಿನ್ ಇಲಾ’ ಎಂಬ ಯೋಜನೆಯನ್ನು ಪ್ರಾಯೋಗಿಕವಾಗಿ ಕೈಗೊಂಡು, ಮಗುವೊಂದಕ್ಕೆ ತಿಂಗಳಿಗೆ 20 ಡಾಲರನ್ನೂ, ಹತ್ತು ವರ್ಷ ತುಂಬಿದವರಿಗೆ ಕೂಲಿನಷ್ಟದ ಬಾಬ್ತು ಇನ್ನೂ 45 ಡಾಲರನ್ನೂ ಕೊಟ್ಟವು. ಪ್ರಾಂತಗಳ ಗಡಿಯ ಈಚೆ ಸಹಾಯ ಪಡೆದ ಕುಟುಂಬಗಳನ್ನು ಆಚೆಯ ಕುಟುಂಬಗಳೊಡನೆ ಹೋಲಿಸಿದ ಸಂಶೋಧಕರಿಗೆ, ಹಾಜರಿಯು ವಾರಕ್ಕೆ 0.5ರಿಂದ 0.7 ದಿನದಷ್ಟು ಹೆಚ್ಚಿದುದು ಕಂಡುಬಂದಿತು. ದಾಖಲಾತಿಯಲ್ಲಾದರೋ ಗಣನೀಯ ವ್ಯತ್ಯಾಸವಿರಲಿಲ್ಲ. ಈ ಎರಡನೆಯ ಫಲಿತಾಂಶವೇ ಹೆಚ್ಚು ಬೆಲೆಯುಳ್ಳದ್ದು: ದಾಖಲಾತಿ ಎರಡೂ ಕಡೆ ತೀವ್ರವಾಗಿ ಏರಿ, ಹಲವು ಶಾಲೆಗಳು ಭರ್ತಿಯಾಗಿ, ಹೊಸಬರಿಗೆ ಸ್ಥಳವೇ ಉಳಿದಿರಲಿಲ್ಲ. ಹಣದಿಂದ ಮಗು ಶಾಲೆಯ ಹೊಸ್ತಿಲವರೆಗೆ ಬರಬಹುದು. ಒಳಗೆ ಕೂರಲು ಬೆಂಚು, ಕೊಠಡಿ, ಉಪಾಧ್ಯಾಯರು ಬೇಕು.