ಜಠರದ ಕ್ಯಾನ್ಸರ್ ಮತ್ತು ಬೆಳವಣಿಗೆಯ ಗ್ರಾಹಿಗಳು: ಶೋಧದಿಂದ ಚಿಕಿತ್ಸೆಯವರೆಗೆ

ಬೆಳವಣಿಗೆಯ ಕಾರಕವೆಂಬ ಪ್ರೋಟೀನು ಜೀವಕೋಶದ ಹೊರಪೊರೆಯಲ್ಲಿರುವ ಗ್ರಾಹಿಗೆ ಅಂಟಿಕೊಂಡಾಗ ವಿಭಜನೆಯ ಸಂಜ್ಞೆ ಕೋಶದೊಳಕ್ಕೆ ಸಾಗುತ್ತದೆ. ಇಂತಹ ಕಾರಕಗಳ ಶೋಧಕ್ಕಾಗಿ ಸ್ಟ್ಯಾನ್ಲಿ ಕೊಹೆನ್ ಮತ್ತು ರೀಟಾ ಲೆವಿ-ಮೊಂಟಾಲ್ಚಿನಿ 1986ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಗ್ರಾಹಿಯನ್ನು ರೂಪಿಸುವ ವಂಶವಾಹಿಯ ಪ್ರತಿಗಳು ಮಿತಿಮೀರಿ ಹೆಚ್ಚಿದರೆ ಈ ಸಂಜ್ಞೆಗೆ ಅಂಕೆಯಿರುವುದಿಲ್ಲ. ಜಠರದ ಕ್ಯಾನ್ಸರಿನ ಮಟ್ಟಿಗೆ ಈ ಸಂಗತಿಯನ್ನು ಆರಂಭದಲ್ಲೇ ಗುರುತಿಸಿದವರಲ್ಲಿ, ಆ ರೋಗದ ಹಾವಳಿ ಅಧಿಕವಾಗಿದ್ದ ಜಪಾನಿನ ವಿಜ್ಞಾನಿಗಳು ಪ್ರಮುಖರು.

1986ರಲ್ಲೇ ಅಲ್ಲಿನ ಸಂಶೋಧಕರು, ಎಂಕೆಎನ್-7 ಎಂಬ ಜಠರ ಕ್ಯಾನ್ಸರಿನ ಕೋಶಸಂತತಿಯಲ್ಲಿ, 17ನೆಯ ವರ್ಣತಂತುವಿಗೆ ಸೇರಿದ ಹರ್-2 ವಂಶವಾಹಿಯ ಪ್ರತಿಗಳು ಹೆಚ್ಚಿರುವುದನ್ನು ವರದಿ ಮಾಡಿದರು. ಕಾಟೋ-3 ಎಂಬ ಇನ್ನೊಂದು ಕೋಶಸಂತತಿಯಲ್ಲಿ ಕಂಡುಬಂದ ಕೆ-ಸ್ಯಾಮ್ ವಂಶವಾಹಿಯೂ ಒಂದು ಗ್ರಾಹಿಯನ್ನೇ ರೂಪಿಸುತ್ತದೆಂಬುದು 1990ರಲ್ಲಿ ಸ್ಪಷ್ಟವಾಯಿತು. ಇಂದು ಅದರ ಹೆಸರು ಎಫ್‌ಜಿಎಫ್‌ಆರ್-2. ಫಿನ್ಲೆಂಡಿನ ಪೆಕ್ಕಾ ಲೌರೆನ್ 1965ರಲ್ಲಿ ಈ ರೋಗವನ್ನು ಕರುಳಿನ ಮಾದರಿ ಮತ್ತು ಚದುರಿದ ಮಾದರಿ ಎಂದು ವಿಂಗಡಿಸಿದ್ದರು. ಹರ್-2ರ ವ್ಯತ್ಯಯ ಮೊದಲನೆಯದರಲ್ಲಿಯೂ ಕೆ-ಸ್ಯಾಮ್ ವ್ಯತ್ಯಯ ಎರಡನೆಯದರಲ್ಲಿಯೂ ಹೆಚ್ಚಾಗಿ ಕಂಡದ್ದರಿಂದ ಆ ವಿಂಗಡಣೆಗೆ ವಂಶವಾಹಿಯ ಆಧಾರವೂ ದೊರೆಯಿತು.

ಆದರೆ ಈ ತಿಳಿವು ರೋಗಿಯ ಹಾಸಿಗೆಯನ್ನು ತಲುಪಲು 24 ವರ್ಷಗಳು ಬೇಕಾದವು. ಹರ್-2 ಗ್ರಾಹಿಯನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಅಮೆರಿಕದಲ್ಲಿ ಸ್ತನ ಕ್ಯಾನ್ಸರಿಗಾಗಿ 1998ರಲ್ಲೇ ಅನುಮತಿ ದೊರೆತಿತ್ತು. ಜಠರ ಕ್ಯಾನ್ಸರಿನಲ್ಲಿ ಅದರ ಪ್ರಯೋಜನವನ್ನು ದೃಢಪಡಿಸಿದ್ದು 2010ರಲ್ಲಿ ಪ್ರಕಟವಾದ ಟೋಗಾ ಅಧ್ಯಯನ. ಪರೀಕ್ಷಿಸಿದ ಗೆಡ್ಡೆಗಳ ಪೈಕಿ ಶೇ. 22ರಷ್ಟರಲ್ಲಿ ಮಾತ್ರ ಹರ್-2 ಅಧಿಕವಾಗಿತ್ತು. ಅಂತಹ ರೋಗಿಗಳಲ್ಲಿ ಬದುಕುಳಿಯುವ ಮಧ್ಯಮಾವಧಿ 11.1 ತಿಂಗಳಿನಿಂದ 13.8 ತಿಂಗಳಿಗೆ ಏರಿತು. ಗಳಿಕೆ ಚಿಕ್ಕದಾದರೂ ಅದು ಆಯ್ಕೆಯ ಫಲ. ಗ್ರಾಹಿಯ ವ್ಯತ್ಯಯವನ್ನು ನೋಡದೆ ರೋಗಿಗಳನ್ನು ಸೇರಿಸಿಕೊಂಡ ಎಕ್ಸ್‌ಪ್ಯಾಂಡ್ ಮತ್ತು ರಿಯಲ್-3 ಅಧ್ಯಯನಗಳಲ್ಲಿ, ಇಜಿಎಫ್‌ಆರ್ ಗ್ರಾಹಿಯನ್ನು ತಡೆಯುವ ಔಷಧಗಳು ಪ್ರಯೋಜನಕ್ಕೆ ಬರಲಿಲ್ಲವೆಂದು 2013ರಲ್ಲಿ ಪ್ರಕಟವಾಯಿತು.

ಆದರೂ ಆಯ್ಕೆಯೊಂದೇ ಸಾಲದೆಂಬುದನ್ನು ಕೆ-ಸ್ಯಾಮ್‌ನ ಮುಂದಿನ ಚರಿತ್ರೆ ತೋರಿಸುತ್ತದೆ. ಎಫ್‌ಜಿಎಫ್‌ಆರ್-2ರ ಪ್ರತಿಗಳು ಹೆಚ್ಚಿದ್ದವರನ್ನೇ ಆರಿಸಿ ನಡೆಸಿದ ಶೈನ್ ಅಧ್ಯಯನವೂ ನಿರಾಶೆಯಲ್ಲಿ ಮುಗಿಯಿತೆಂದು 2017ರಲ್ಲಿ ವರದಿಯಾಯಿತು. ಒಂದೇ ಗೆಡ್ಡೆಯ ಒಂದು ಭಾಗದಲ್ಲಿದ್ದ ವ್ಯತ್ಯಯ ಮತ್ತೊಂದು ಭಾಗದಲ್ಲಿ ಇಲ್ಲದಿರುವುದು ಅಲ್ಲಿ ಎದ್ದು ಕಂಡಿತು. ಜಪಾನ್ ಮತ್ತು ದಕ್ಷಿಣ ಕೊರಿಯಾಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಬೇರೆ ದಾರಿಯನ್ನು ತೆರೆಯಿತು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಔಷಧವು ಹರ್-2 ಗ್ರಾಹಿಯ ಮೂಲಕ ಕೋಶನಾಶಕವನ್ನು ಒಳಕ್ಕೆ ಕೊಂಡೊಯ್ಯುತ್ತದೆ. ಅಲ್ಲಿಂದ ಹೊರಸೂಸುವ ಆ ನಾಶಕವು ಗ್ರಾಹಿ ವಿರಳವಾಗಿರುವ ನೆರೆಯ ಕೋಶಗಳನ್ನೂ ಕೊಲ್ಲಬಲ್ಲದು. ಆ ಅಧ್ಯಯನದಲ್ಲಿ ಮಧ್ಯಮಾವಧಿ 8.4 ತಿಂಗಳಿನಿಂದ 12.5 ತಿಂಗಳಿಗೆ ಹೆಚ್ಚಿತು.

ವ್ಯತ್ಯಯವನ್ನು ಗುರುತಿಸುವುದು ಬೇರೆ, ರೋಗವು ಅದನ್ನೇ ಅವಲಂಬಿಸಿದೆಯೆಂದು ತಿಳಿಯುವುದು ಬೇರೆ. ಈ ಎರಡರ ನಡುವಣ ಅಂತರವನ್ನು ಕ್ರಮಿಸಿದ ಕಥೆಯೇ ಈ ಸಂಶೋಧನೆಯ ಇತಿಹಾಸ.